ಬೇಲೂರಿನಷ್ಟೇ ದೂರ

ಕನ್ನಡದಲ್ಲಿ ಮದುವೆ ಮಾತಿಗೆ ಕೂತರೆ ಗಂಡು ಮನುಷ್ಯನಾಗಿ ಉಳಿಯುವುದಿಲ್ಲ. ಗಂಡು ಬಂತು, ಗಂಡು ನೋಡಿಕೊಂಡು ಹೋಯಿತು, ಗಂಡು ಒಪ್ಪಿತು ಅನ್ನುತ್ತೇವೆ. ಬಂದ, ಹೋದ, ಒಪ್ಪಿದ ಅನ್ನುವುದಿಲ್ಲ. ರೈಲಿಗೂ ಗಂಡಿಗೂ ಒಂದೇ ವ್ಯಾಕರಣ. ಈ ಸಂಗತಿ ಅರಸೀಕೆರೆಯ ಜವರಣ್ಣನಿಗೆ ಅರವತ್ತಮೂರನೇ ವಯಸ್ಸಿನಲ್ಲಿ, ಮಗಳ ಮದುವೆಯ ವಾರದಲ್ಲಿ, ಮೈ ಉರಿಯುವ ಹಾಗೆ ತಿಳಿಯಿತು. ಮನೆ ಮುಂದೆ ಹಾದು ಹೋಗುವವರೆಲ್ಲ ಒಂದು ಗಳಿಗೆ ನಿಂತು ಕೇಳುತ್ತಿದ್ದರು. "ಜವರಣ್ಣ, ಗಂಡು ಎಷ್ಟೊತ್ತಿಗೆ ಬತ್ತದೆ? ಇನ್ನೂ ಲೇಟಾ?"

ಕೇಳಿದವರದ್ದೇನೂ ತಪ್ಪಿರಲಿಲ್ಲ. ಮೂವತ್ತೊಂದು ವರ್ಷ ಅರಸೀಕೆರೆ ಜಂಕ್ಷನ್ನಿನ ವಿಚಾರಣೆ ಕೌಂಟರಿನಲ್ಲಿ ಕೂತಿದ್ದವನು ಅವನು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ಕೆಲಸದಲ್ಲೇ ತೀರಿಕೊಂಡದ್ದರಿಂದ ಆ ಕೆಲಸ ಮಗನಿಗೆ ಬಂತು. ನಾಲ್ಕು ವರ್ಷ ಹಳಿಯ ಮೇಲೆ ಬಿಸಿಲು ಕುಡಿದ ಮೇಲೆ, ಹುಡುಗನ ಗಂಟಲು ಚೆನ್ನಾಗಿದೆ ಎಂದು ಯಾರೋ ಸಾಹೇಬರು ಎತ್ತಿ ಮೈಕಿನ ಮುಂದೆ ಕೂರಿಸಿದರು. ಅಲ್ಲಿ ಜವರಣ್ಣ ಎರಡು ವಿದ್ಯೆ ಕಲಿತ. ಒಂದು, ಅಚ್ಚುಕಟ್ಟಾದ ಕನ್ನಡ. ಮನೆಯಲ್ಲಿ ಐತೆ, ಬತ್ತೀನಿ, ಬ್ಯಾಡ ಅನ್ನುವ ನಾಲಗೆ ಮೈಕು ಕಂಡರೆ ಸಾಕು, ಇದೆ, ಬರುತ್ತೇನೆ, ಬೇಡ ಎಂದು ಇಸ್ತ್ರಿ ಹಾಕಿಕೊಂಡು ನಿಲ್ಲುತ್ತಿತ್ತು. ಕೊನೆಗೆ ಫೋನು ಹಿಡಿದರೂ ಅದೇ ಚಾಳಿ. ಹೆಂಡತಿ ಹನುಮಕ್ಕ ಆಡಿಕೊಳ್ಳುತ್ತಿದ್ದಳು. "ತರಕಾರಿಯೋನ ತಾವೂ ಮೈಕಲ್ಲಿ ಮಾತಾಡಿದಂಗೆ ಮಾತಾಡ್ತಾರೆ ಕಣ್ರೀ ನಮ್ಮನೆಯೋರು. ಬದನೆಕಾಯಿ ಎರಡನೇ ಪ್ಲಾಟ್‌ಫಾರಂಗೆ ಬತ್ತದೆ ಅನ್ನದೊಂದು ಬಾಕಿ."

ಎರಡನೆಯ ವಿದ್ಯೆ ತಡವನ್ನು ತುಂಡು ಮಾಡಿ ಹಂಚುವುದು. ರೈಲು ಆರು ಗಂಟೆ ತಡ ಎಂದು ಒಂದೇ ಏಟಿಗೆ ಹೇಳಿದರೆ ಜನ ಕೌಂಟರಿನ ಗಾಜು ಒಡೆಯುತ್ತಾರೆ. ಅರ್ಧ ಗಂಟೆ ಎಂದು ಹನ್ನೆರಡು ಸಲ ಹೇಳಿದರೆ ಟೀ ಕುಡಿದುಕೊಂಡು ಬಂದು ಮತ್ತೆ ಕೇಳುತ್ತಾರೆ. ಇದು ಮೋಸವಲ್ಲ, ಕರುಣೆ ಎಂದೇ ಜವರಣ್ಣ ನಂಬಿದ್ದ. ಒಂದು ದಿನ ಕಂಪ್ಯೂಟರಿನ ಹೆಣ್ಣುದನಿ ಬಂದು ಅವನ ಮೈಕು ಕಸಿದುಕೊಂಡಿತು. ನಿವೃತ್ತಿಯೂ ಆಯಿತು. ಆದರೂ ಊರಿನವರು ರೈಲಿನ ವೇಳೆ ಬೇಕಾದರೆ ಕೈಯಲ್ಲಿ ಫೋನು ಹಿಡಿದುಕೊಂಡೇ ಅವನ ಮನೆಗೆ ಬರುತ್ತಿದ್ದರು.

ಇಂಥವನ ಒಬ್ಬಳೇ ಮಗಳು ನಂದಿತಾ. ವಯಸ್ಸು ಇಪ್ಪತ್ತೊಂಬತ್ತು, ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಮೂರು ವರ್ಷದ ಹಿಂದೆ ಬೇಲೂರು ಕಡೆಯ ಒಂದು ಸಂಬಂಧ ನಿಶ್ಚಯವಾಗಿ, ಲಗ್ನಪತ್ರಿಕೆ ಅಚ್ಚಾದ ಮೇಲೆ ಮುರಿದು ಬಿತ್ತು. ಗಂಡಿನ ಕಡೆಯವರು ಕಾರಣ ಹೇಳಲಿಲ್ಲ. ಕಾರಣ ಹೇಳದಿದ್ದರೆ ಊರು ತಾನೇ ನಾಲ್ಕು ಕಾರಣ ಹುಟ್ಟಿಸುತ್ತದೆ, ನಾಲ್ಕೂ ಹೆಣ್ಣಿನ ತಲೆಗೇ ಬರುತ್ತವೆ. ಅದಾದ ಮೇಲೆ ಹನುಮಕ್ಕನ ಅಣ್ಣ ಗಂಗಾಧರಪ್ಪ, "ಹೊರಗಿನೋರು ಯಾಕೆ? ನನ್ನ ಮಗ ಲಕ್ಷ್ಮೀಶ ಇಲ್ವಾ, ಸೋದರಮಾವನ ಮಗ" ಎಂದು ಎರಡು ಸಲ ಕೇಳಿದ. ಲಕ್ಷ್ಮೀಶ ಆಟೋ ಓಡಿಸುವವನು, ಕೆಟ್ಟವನಲ್ಲ. ನಂದಿತಾ ಎರಡು ಸಲವೂ ಬೇಡ ಎಂದಳು. ಗಂಗಾಧರಪ್ಪನ ಹೊಟ್ಟೆಯಲ್ಲಿ ಅದು ಜೀರ್ಣವಾಗದೆ ಹಾಗೇ ಉಳಿಯಿತು.

ಆಮೇಲೆ ಒದಗಿದ್ದು ಹುಲಿಕೆರೆಯ ಬೀರೇಶ್. ಗಂಡ ಸತ್ತ ಶಿವಗಂಗಮ್ಮ ರಾಗಿ ಬೆಳೆದು ಸಾಕಿದ ಒಬ್ಬನೇ ಮಗ, ಈಗ ಸೈನ್ಯದಲ್ಲಿ. ಹೆಣ್ಣು ನೋಡಲು ಬಂದವನು ಎರಡು ಉಂಡೆ ತಿಂದು ಮೂರು ಮಾತಾಡಿ ಹೋದ. ಹೋದ ಮೇಲೆ ಒಂದು ವರ್ಷ, ಅವನು ಕಾವಲಿದ್ದ ಬೆಟ್ಟದ ಮೇಲೆ ಸಿಗ್ನಲ್ ಸಿಕ್ಕಿದಾಗಲೆಲ್ಲ, ನಂದಿತಾಳ ಜೊತೆ ಮಾತಾಡಿದ. ಮನೆಯಲ್ಲಿ ಆ ಹುಡುಗಿ ನಗುವುದನ್ನು ಕೇಳಿ ಎಷ್ಟೋ ದಿನವಾಗಿತ್ತು. ಹಿತ್ತಲಿನಿಂದ ಅವಳ ನಗು ಕೇಳಿಸಿದ ಸಂಜೆ ಜವರಣ್ಣ ಪೇಪರು ಮುಖಕ್ಕೆ ಅಡ್ಡ ಹಿಡಿದು ಕಣ್ಣೊರೆಸಿಕೊಂಡಿದ್ದ.

ಮದುವೆ ಫಾಲ್ಗುಣದ ಒಂದು ಭಾನುವಾರ, ಎರಡೂ ಕಡೆಯವರಿಗೆ ನಡುವೆ ಆಗಲೆಂದು ಹಳೇಬೀಡಿನ ಕಲ್ಯಾಣಮಂಟಪದಲ್ಲಿ. ಧಾರೆ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಗಂಡು ಬರಬೇಕಾದದ್ದು ಥೊಯ್ಸ್ ಎಂಬ ಜಾಗದಿಂದ. ಲಡಾಖಿನ ತುದಿಯಲ್ಲಿ, ಬೆಟ್ಟಗಳ ಆಚೆ, ಸೈನ್ಯದ ವಿಮಾನ ಇಳಿಯುವ ನೆಲ. ಅಲ್ಲಿಂದ ಸೈನ್ಯದ ವಿಮಾನದಲ್ಲಿ ಲೇಹ್, ಲೇಹ್‌ನಿಂದ ದೆಹಲಿ, ದೆಹಲಿಯಿಂದ ಬೆಂಗಳೂರು. ಜವರಣ್ಣನಿಗೆ ವಿಮಾನ ಹೊಸದು, ವೇಳಾಪಟ್ಟಿ ಹೊಸದಲ್ಲ. ಫೋನಿನ ನಕ್ಷೆ ತೆಗೆದು ಬೆರಳಿಂದ ಅಳೆದ. ಥೊಯ್ಸ್‌ನಿಂದ ಲೇಹ್‌ಗೆ ನೆಟ್ಟಗೆ ಅರವತ್ತು ಕಿಲೋಮೀಟರು. ಹಾರುವುದಕ್ಕೆ ಹದಿನೈದು ಇಪ್ಪತ್ತು ನಿಮಿಷ.

"ಅರವತ್ತೇ ಕಣೇ!" ಎಂದು ಹೆಂಡತಿಗೆ ಹೇಳಿದ. "ಇಲ್ಲಿಂದ ಬೇಲೂರಿಗೆ ಎಷ್ಟೋ ಅಷ್ಟೇಯ. ನಮ್ಮ ಬಸ್ಸು ಜಾವಗಲ್ಲು ಹಳೇಬೀಡು ಸುತ್ಕಂಡು ಎರಡು ಗಂಟೆ ತಗತ್ತದೆ. ಅವನು ಎಲೆಅಡಿಕೆ ಹಾಕ್ಕಂಡು ಉಗಿಯೋದ್ರೊಳಗೆ ಇಳೀತಾನೆ."

ಈ ಮಾತನ್ನು ಅವನು ಬೀದಿಗೆಲ್ಲ ಹೇಳಿದ. ಶಿವಗಂಗಮ್ಮನಿಗೂ ಹೇಳಿದ. ಆ ಹೆಂಗಸು ಹುಲಿಕೆರೆಯಲ್ಲಿ ಸಿಕ್ಕಸಿಕ್ಕವರಿಗೆ, "ನಮ್ಮ ಹುಡುಗ ಇರದು ದೂರ ಏನಲ್ಲ, ಬೇಲೂರಿನಷ್ಟು ದೂರ ಅಂತೆ, ಆಮೇಲೆ ವಿಮಾನವಂತೆ" ಎಂದು ಹೇಳಿಕೊಂಡು ಓಡಾಡಿದಳು. ಪಾಪ, ಅವಳಿಗೆ ದೂರ ಎಂದರೆ ಅದೇ ಅಳತೆ.

ಬೀರೇಶ್ ಹಿಂದಿನ ಶನಿವಾರವೇ ರಜೆಯ ಚೀಟಿ ಹಿಡಿದು ಮೇಲಿನ ಠಾಣೆಯಿಂದ ಥೊಯ್ಸ್‌ಗೆ ಇಳಿದಿದ್ದ. ಕೈಯಲ್ಲಿ ಎಂಟು ದಿನ ಇತ್ತು. ಸೋಮವಾರ ಮೋಡ ಎಂದು ವಿಮಾನ ಏಳಲಿಲ್ಲ. ಮಂಗಳವಾರ ಗಾಳಿ. ಬುಧವಾರ ಏಳಲು ಹೊರಟು, ಆ ಕಡೆ ಲೇಹ್‌ನಲ್ಲಿ ಹಿಮ ಬೀಳುತ್ತಿದೆ ಎಂದು ನಿಂತಿತು. ಇಲ್ಲಿ ಅರಸೀಕೆರೆಯಲ್ಲಿ ಬಿಸಿಲಿಗೆ ಡಾಂಬರು ಕರಗುತ್ತಿತ್ತು. ಮನೆಯವರಿಗೆ ಜವರಣ್ಣ ಹಳೆಯ ವಿದ್ಯೆಯನ್ನೇ ತೋರಿಸಿದ. ಮಧ್ಯಾಹ್ನದೊಳಗೆ ಹೊರಡುತ್ತೆ ಅಂದ, ನಾಳೆ ಬೆಳಿಗ್ಗೆ ಖಂಡಿತ ಅಂದ, ಹವಾಮಾನ ಸರಿಹೋಗ್ತಾ ಇದೆಯಂತೆ ಅಂದ. ಹನುಮಕ್ಕ ತಲೆಯಾಡಿಸಿದಳು. ನಂದಿತಾ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಅವಳು ಆ ಕೌಂಟರಿನ ಹಿಂದೆ ಆಡಿಕೊಂಡು ಬೆಳೆದ ಹುಡುಗಿ, ಅವಳಿಗೆ ಈ ಅರ್ಧ ಗಂಟೆಗಳ ಬೆಲೆ ಗೊತ್ತಿತ್ತು.

ಗುರುವಾರವೂ ವಿಮಾನ ಏಳಲಿಲ್ಲ. ಅಂದು ಸಂಜೆ ಬೀರೇಶ್ ಫೋನು ಮಾಡಿದಾಗ ಜವರಣ್ಣ ತಾಳ್ಮೆ ಕಳೆದುಕೊಂಡ. ಬೇಲೂರಿನವರು ಮಾಡಿದ್ದನ್ನೇ ಇವನೂ ಮಾಡುತ್ತಿದ್ದಾನೋ, ಹವಾಮಾನ ಬರೀ ನೆಪವೋ ಎಂಬ ಹುಳ ನಾಲ್ಕು ದಿನದಿಂದ ತಲೆ ಕೊರೆಯುತ್ತಿತ್ತು. "ಅರವತ್ತು ಕಿಲೋಮೀಟರಪ್ಪಾ!" ಎಂದು ಕೂಗಿದ. "ಮನಸ್ಸಿದ್ದರೆ ನಡೆದುಕೊಂಡು ಬಂದಿದ್ದರೂ ಇಷ್ಟೊತ್ತಿಗೆ ಬರುತ್ತಿದ್ದೆ!"

ಬೀರೇಶ್, "ಸರಿ ಮಾವ, ನೋಡ್ತೀನಿ" ಎಂದಷ್ಟೇ ಹೇಳಿ ಫೋನಿಟ್ಟ. ಹಾರಿದರೆ ಅರವತ್ತಾದ ಆ ದಾರಿ ನೆಲದ ಮೇಲೆ ನೂರೈವತ್ತು ಕಿಲೋಮೀಟರು ಎಂಬುದನ್ನೂ, ನಡುವೆ ಹದಿನೇಳು ಸಾವಿರ ಅಡಿ ಎತ್ತರದಲ್ಲಿ ಬೆಟ್ಟದ ಒಂದು ಕಣಿವೆದಾರಿ ದಾಟಬೇಕು ಎಂಬುದನ್ನೂ ಜವರಣ್ಣ ನಕ್ಷೆಯಲ್ಲಿ ನೋಡಿಯೇ ಇರಲಿಲ್ಲ. ಅಳೆದ ಬೆರಳು ಬೆಟ್ಟದ ಮೇಲೆ ಹಾಗೇ ಜಾರಿಕೊಂಡು ಹೋಗಿತ್ತು.

ಶುಕ್ರವಾರವೂ ಹಾಗೇ ಕಳೆಯಿತು. ಶನಿವಾರ ಚಪ್ಪರದ ದಿನ. ಮನೆ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿತ್ತು, ನೆಂಟರು ಸೇರಿದ್ದರು. ಬೆಳಗಿನ ಮೊದಲ ಬಸ್ಸಿಗೆ ಶಿವಗಂಗಮ್ಮ ಹುಲಿಕೆರೆಯಿಂದ ಒಬ್ಬಳೇ ಬಂದಿಳಿದಳು. ಗಂಡಿಗೆ ಹಚ್ಚಿ ಮಿಕ್ಕ ಅರಿಶಿನವನ್ನು ಹೆಣ್ಣಿಗೆ ತರುವುದು ಅವರಲ್ಲಿ ಪದ್ಧತಿ. ಮಗನೇ ಇಲ್ಲವಲ್ಲ, ಅದಕ್ಕೆ ಅವನ ಒಂದು ಹಳೇ ಅಂಗಿಯ ತೋಳಿಗೆ ಅರಿಶಿನ ಹಚ್ಚಿ, ಮಿಕ್ಕದ್ದನ್ನು ಎಲೆಯಲ್ಲಿ ಕಟ್ಟಿಕೊಂಡು ತಂದಿದ್ದಳು. ಅಂಗಿಯನ್ನೂ ತಂದಿದ್ದಳು, ಯಾರಾದರೂ ಹಚ್ಚಿಲ್ಲ ಎಂದರೆ ತೋರಿಸುವುದಕ್ಕೆ. ಜವರಣ್ಣನ ಕೈ ಹಿಡಿದು, "ಅಣ್ಣಯ್ಯ, ನನ್ನ ಮಗ ಅಂಥೋನಲ್ಲ. ಅವನು ಬಂದೇ ಬತ್ತಾನೆ" ಎಂದಳು.

ಹೆಂಗಸರು ನಂದಿತಾಳಿಗೆ ಅರಿಶಿನ ಹಚ್ಚಿ ಹಿತ್ತಲಿನಲ್ಲಿ ಕೂರಿಸಿದರು. ಚಪ್ಪರದಲ್ಲಿ ಗಂಗಾಧರಪ್ಪ ಕುರ್ಚಿ ಎಳೆದುಕೊಂಡು ನಡುಮಧ್ಯೆ ಕೂತ.

"ಜವರಣ್ಣ, ಈಗ ನಿಜ ಹೇಳು. ಗಂಡು ಅಲ್ಲಿಂದ ಹೊರಟಿದೆಯೋ ಇಲ್ಲವೋ?"

"ಹೊರಡ್ತದೆ ಭಾವ. ಇವತ್ತು ಹವಾಮಾನ..."

"ನಿನ್ನ ಹವಾಮಾನ ಬಿಡು! ಹುಡುಗಿ ಮೈಗೆ ಅರಿಶಿನ ಬಿದ್ದೈತೆ. ಅರಿಶಿನ ಬಿದ್ದ ಹೆಣ್ಣು ಆ ಮುಹೂರ್ತಕ್ಕೆ ತಾಳಿ ಕಾಣದೆ ಎದ್ರೆ ಏನಂತಾರೆ ಗೊತ್ತೇನ್ಲಾ? ಮೊದಲೇ ಒಂದು ಸಲ ಆಗೈತೆ. ನಾಳೆ ಗಂಡು ಇಲ್ಲ ಅಂದ್ರೆ ಅದೇ ಹೊತ್ತಿಗೆ ಲಕ್ಷ್ಮೀಶ ಕಟ್ತಾನೆ. ಮನೆ ಮರ್ಯಾದೆ ಮನೆಯೊಳಗೇ ಉಳೀತದೆ."

ಏಣಿಯ ಮೇಲೆ ನಿಂತು ಮಾವಿನ ಸೊಪ್ಪು ಕಟ್ಟುತ್ತಿದ್ದ ಲಕ್ಷ್ಮೀಶ ಈ ಮಾತು ಕೇಳಿ ಕೆಳಗೂ ಇಳಿಯಲಾರದೆ ಮೇಲೂ ಇರಲಾರದೆ ಸೊಪ್ಪಿನಲ್ಲಿ ಮುಖ ಮುಚ್ಚಿಕೊಂಡ. ಭಾವ ಹೇಳಿದ್ದು ಚುಚ್ಚಿತು, ಆದರೆ ಸುಳ್ಳೆನ್ನಲು ಜವರಣ್ಣನಲ್ಲಿ ಧೈರ್ಯವಿರಲಿಲ್ಲ. ಮಗಳು ಇನ್ನೊಂದು ಸಲ ತಲೆ ತಗ್ಗಿಸಿ ಆಸ್ಪತ್ರೆಗೆ ನಡೆದು ಹೋಗುವುದನ್ನು ನೋಡುವ ಶಕ್ತಿ ತನಗಿಲ್ಲ ಎಂಬುದೊಂದೇ ಅವನಿಗೆ ಗೊತ್ತಿದ್ದದ್ದು.

ಎಂಟೂ ಇಪ್ಪತ್ತಕ್ಕೆ ಫೋನು ಬಂತು. ಗುರುತಿಲ್ಲದ ನಂಬರು.

"ಮಾವ, ನಾನು ಬೀರೇಶ. ಅಂಗಡಿಯೊಂದರ ಫೋನು ಇದು. ನಾನು ರಸ್ತೆಗೆ ಬಿದ್ದಿದೀನಿ."

"ಸ್ಪೀಕರಿಗೆ ಹಾಕು" ಎಂದ ಗಂಗಾಧರಪ್ಪ. ಜವರಣ್ಣ ಹಾಕಿದ. ಚಪ್ಪರವೆಲ್ಲ ಫೋನಿನ ಸುತ್ತ ಬಾಗಿತು.

ಬೀರೇಶ್ ಒಂದೇ ಉಸಿರಿಗೆ ಹೇಳಿದ. ಥೊಯ್ಸ್‌ನಲ್ಲಿ ಮೋಡ ಬಿಟ್ಟಿಲ್ಲ, ವಿಮಾನ ಇವತ್ತೂ ಇಲ್ಲ ಎಂದು ತಿಳಿದು ಬೆಳಗಿನ ಜಾವ ಸಿಕ್ಕಿದ ಗಾಡಿ ಹತ್ತಿ ಹೊರಟಿದ್ದಾನೆ. ಕಣಿವೆಯ ಈಚೆಗಿನ ಕೊನೇ ಹಳ್ಳಿಗೆ ಬಂದಿದ್ದಾನೆ. ಇಲ್ಲಿಂದ ಮುಂದೆ ಹೋಗಬೇಡಿ ಎಂದು ಗಾಡಿಗಳನ್ನು ನಿಲ್ಲಿಸುತ್ತಿದ್ದಾರೆ. ಆದರೆ ಒಬ್ಬ ಡ್ರೈವರು ಚಕ್ರಕ್ಕೆ ಸರಪಳಿ ಹಾಕಿಕೊಂಡು ಹೊರಡುತ್ತೇನೆ ಅನ್ನುತ್ತಿದ್ದಾನೆ, ಮೂರು ಗಂಟೆಯೊಳಗೆ ಲೇಹ್ ಮುಟ್ಟಿಸುತ್ತಾನಂತೆ.

ಜವರಣ್ಣನ ತಲೆಯೊಳಗೆ ಗಡಿಯಾರ ತಾನಾಗಿ ತಿರುಗಿತು. ಎಂಟೂ ಇಪ್ಪತ್ತು, ಮೂರು ಗಂಟೆ ಸೇರಿದರೆ ಹನ್ನೊಂದೂ ಇಪ್ಪತ್ತು. ಲೇಹ್‌ನ ಕೊನೆಯ ವಿಮಾನ ಹನ್ನೆರಡೂವರೆಗೆ, ಒಳಗೆ ಬಿಡುವುದು ಹನ್ನೊಂದೂವರೆ ತನಕ. ಸಂಜೆ ದೆಹಲಿ, ರಾತ್ರಿ ಬೆಂಗಳೂರು, ಕಾರಿನಲ್ಲಿ ಹಳೇಬೀಡು. ಧಾರೆಗೆ ಬೇಕಾದಷ್ಟು ಹೊತ್ತು ಮಿಗುತ್ತದೆ. ಎಲ್ಲ ಕೂಡುತ್ತದೆ, ಹತ್ತು ನಿಮಿಷ ಕೈಯಲ್ಲಿ ಉಳಿಯುತ್ತದೆ. ಆ ಹತ್ತು ನಿಮಿಷ ಕಂಡು ಅವನು ಹಿಗ್ಗಿದ.

"ಕೂಡುತ್ತೆ!" ಎಂದ ಗಂಗಾಧರಪ್ಪನ ಕಡೆ ತಿರುಗಿ. "ನೋಡಿ ಭಾವ, ಕೂಡುತ್ತೆ!"

ಆಗ ಬೀರೇಶ್, ಸ್ವಲ್ಪ ತಗ್ಗಿದ ದನಿಯಲ್ಲಿ, "ಮಾವ, ಇನ್ನೊಂದು ವಿಷಯ" ಎಂದ. "ಬೆಳಿಗ್ಗೆ ಆರಕ್ಕೆ ಒಂದು ಗಾಡಿ ನಮಗಿಂತ ಮುಂದೆ ಹೋಗಿತ್ತಂತೆ. ಅದಿನ್ನೂ ಆ ಕಡೆ ಇಳಿದಿಲ್ಲವಂತೆ. ಹಿಮ ಕುಸಿದಿದೆ ಅಂತಾರೆ. ಅಮ್ಮಂಗೆ ಹೇಳ್ಬೇಡಿ. ನೀವು ಒಂದು ಮಾತು ಹೇಳಿ ಮಾವ, ನೀವು ಹೇಳಿದಂಗೆ ಮಾಡ್ತೀನಿ. ಹೊರಡ್ಲಾ?"

ಅಮ್ಮ ಅಲ್ಲೇ ಎರಡು ಅಡಿ ದೂರದಲ್ಲಿ ಅಂಗಿ ಹಿಡಿದುಕೊಂಡು ನಿಂತಿದ್ದಳು.

ಮೂವತ್ತೊಂದು ವರ್ಷ ಲಕ್ಷಾಂತರ ಜನ ಜವರಣ್ಣನನ್ನು ಪ್ರಶ್ನೆ ಕೇಳಿದ್ದರು. ನೀನು ಹೇಳಿದಂತೆ ಬದುಕುತ್ತೇನೆ, ನೀನು ಹೇಳಿದಂತೆ ಸಾಯುತ್ತೇನೆ ಎಂದು ಯಾರೂ ಕೇಳಿರಲಿಲ್ಲ. ಈ ಹುಡುಗ ರಸ್ತೆಗೆ ಇಳಿದದ್ದು ಯಾಕೆ? ಗುರುವಾರ ಸಂಜೆ ತಾನು ಬಾಯಿಗೆ ಬಂದದ್ದು ಕೂಗಿದ್ದಕ್ಕೆ. ಮನಸ್ಸಿದ್ದರೆ ನಡೆದುಕೊಂಡಾದರೂ ಬರುತ್ತಿದ್ದೆ ಎಂದು ತಾನು ಹಂಗಿಸಿದ್ದಕ್ಕೆ. ಮನಸ್ಸಿದೆ ಎಂದು ತೋರಿಸಲು ಹೊರಟುಬಿಟ್ಟಿದ್ದಾನೆ. ಹಾಳಾಗಿ ಹೋಗಲಿ ಮುಹೂರ್ತ, ಹಾಳಾಗಲಿ ಹತ್ತು ನಿಮಿಷ.

ಫೋನನ್ನು ಬಾಯಿಗೆ ಹಿಡಿದು, ಎಲ್ಲ ಪ್ಲಾಟ್‌ಫಾರಂಗೂ ಕೇಳಿಸುವ ಹಾಗೆ, ಒಂದೊಂದಕ್ಷರವನ್ನೂ ಬಿಡಿಸಿ ಹೇಳಿದ. "ಬರಬೇಡ ಕಣಪ್ಪ. ಬರಬೇಡ!"

ಫೋನಿನಲ್ಲಿ ಗೊರಗೊರ ಸದ್ದು. ಅದರೊಳಗಿಂದ ಬೀರೇಶನ ದನಿ ತುಂಡುತುಂಡಾಗಿ ಬಂತು. "ಹಲೋ... ಬರಬೇ... ಏನಂದ್ರಿ ಮಾವ? ಬರಬೇ...?" ಅಷ್ಟಕ್ಕೆ ಫೋನು ಸತ್ತಿತು.

ಬರಬೇಡ ಎಂದು ಕೇಳಿಸಿತೋ, ಬರಬೇಕು ಎಂದು ಕೇಳಿಸಿತೋ?

ಜವರಣ್ಣ ಅದೇ ನಂಬರಿಗೆ ಮಾಡಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು ಆ ಕಡೆಯ ಹೆಣ್ಣುದನಿ. ಮತ್ತೆ ಮಾಡಿದ. ಬೀರೇಶನ ಸ್ವಂತ ನಂಬರಿಗೆ ಮಾಡಿದ. ಹತ್ತು ಸಲ, ಇಪ್ಪತ್ತು ಸಲ. ಅದೇ ನಯವಾದ ದನಿ, ಅದೇ ಮಾತು. "ಸ್ವಲ್ಪ ಹೇಳವ್ವ ಅವನಿಗೆ, ಹೊರಡಬ್ಯಾಡ ಅನ್ನವ್ವ" ಎಂದು ಆ ಯಂತ್ರದ ದನಿಗೇ ಅಂಗಲಾಚಿದ. ಏಣಿಯ ಮೇಲಿಂದ ಲಕ್ಷ್ಮೀಶ ಇಳಿದು ಬಂದು ತನ್ನ ಫೋನಿನಿಂದಲೂ ಮಾಡಲು ಶುರುಮಾಡಿದ.

ಹನುಮಕ್ಕ ಎದೆ ಬಡಿದುಕೊಂಡಳು. "ಆ ಮೈಕಿನ ಕನ್ನಡಕ್ಕೆ ಬೆಂಕಿ ಹಾಕ! ನಮ್ಮಂಗೆ ಬ್ಯಾಡ ಅಂದಿದ್ರೆ ಆಗ್ತಿರ್ಲಿಲ್ವಾ? ಬರಬ್ಯಾಡ ಅಂದಿದ್ರೆ ಅರ್ಧ ಕೇಳಿದ್ರೂ ತಿಳೀತಿತ್ತು. ಬರಬೇ ಅಂದ್ರೆ ಅವನು ಏನಂತ ತಿಳ್ಕಳ್ಳಾನ?"

ಹೌದಲ್ಲ! ಬ್ಯಾಡ ಎಂದಿದ್ದರೆ ಆ 'ಬ್ಯಾ' ಒಂದೇ ಸಾಕಿತ್ತು. ಮನೆಯಲ್ಲಿ ದಿನಕ್ಕೆ ನೂರು ಸಲ ಬ್ಯಾಡ ಅನ್ನುವವನು, ಒಂದು ಜೀವದ ಪ್ರಶ್ನೆ ಬಂದಾಗ ಮಾತಿಗೆ ಇಸ್ತ್ರಿ ಹಾಕಲು ಹೋಗಿದ್ದ. ಜವರಣ್ಣ ಚಪ್ಪರದ ಕಂಬಕ್ಕೆ ಹಣೆ ಒತ್ತಿಕೊಂಡು ನಿಂತ.

ಗಂಗಾಧರಪ್ಪ ಎದ್ದು ಪಂಚೆ ಕೊಡವಿದ. "ಅವನಿಗೆ ಏನಾದ್ರೂ ಕೇಳಿಸಿರಲಿ, ನಮಗೆಲ್ಲ ಕೇಳಿಸ್ತು. ಹೆಣ್ಣಿನ ಅಪ್ಪನೇ ಬರಬೇಡ ಅಂದ ಮೇಲೆ ಆ ಸಂಬಂಧ ಮುಗೀತು. ಹನ್ನೆರಡರ ತನಕ ಕಾಯ್ತೀನಿ. ಆಮೇಲೆ ಲಕ್ಷ್ಮೀಶಂಗೆ ಪಂಚೆ ಶಲ್ಯ ತರಕ್ಕೆ ಕಳಿಸ್ತೀನಿ."

ಶಿವಗಂಗಮ್ಮ ಮಾತ್ರ ನಿಂತಲ್ಲೇ ನಿಂತಿದ್ದಳು. ಬಹಳ ಹೊತ್ತಾದ ಮೇಲೆ ಜವರಣ್ಣನ ಹತ್ತಿರ ಬಂದು, ಬೈಯುವ ದನಿಯೂ ಅಲ್ಲದ, ಅಳುವ ದನಿಯೂ ಅಲ್ಲದ ದನಿಯಲ್ಲಿ ಕೇಳಿದಳು. "ಅಣ್ಣಯ್ಯ, ಬೇಲೂರಿನಷ್ಟೇ ದೂರ ಅಂದಿದ್ರಲ್ಲ. ಬೇಲೂರಿಗೆ ಹೋಗೋ ದಾರೀಲಿ ಗಾಡಿ ಕಾಣೆ ಆಯ್ತದಾ?"

ಅವಳ ಮುಂದೆ ಅರ್ಧ ಗಂಟೆಯ ಮಾತು ಆಡಲು ಜವರಣ್ಣನಿಂದ ಆಗಲಿಲ್ಲ. "ನಂಗೆ ಗೊತ್ತಿರ್ಲಿಲ್ಲ ತಾಯಿ" ಎಂದ. "ನಾನೇ ಅವನ್ನ ರಸ್ತೆಗಿಳಿಸ್ದೆ. ಗುರುವಾರ ಬೈದೆ. ಅವನಿಗೆ ಏನಾರ ಆದ್ರೆ ಅದು ನನ್ನ ತಲೆ ಮೇಲೆ." ಶಿವಗಂಗಮ್ಮ ಜಗಲಿಯ ಮೇಲೆ ಹೋಗಿ ಕೂತಳು. ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಅರಿಶಿನ ಹತ್ತಿದ ತೋಳನ್ನು ನೀವುತ್ತಾ ಇದ್ದಳು.

ಒಂಬತ್ತಾಯಿತು. ಹತ್ತಾಯಿತು. ಆರು ದಿನದಿಂದ ಮಾಲೇಕಲ್ಲು ತಿರುಪತಿಯ ಬೆಟ್ಟದ ಕಡೆ ತಿರುಗಿ, ಹುಡುಗ ಬಂದರೆ ಮೆಟ್ಟಿಲು ಹತ್ತಿ ಬಂದು ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದ ಜವರಣ್ಣ, ಈಗ ಅದೇ ಕಡೆ ಕೈ ಮುಗಿದು ಬರದಿದ್ದರೆ ಕೊಡುತ್ತೇನೆ ಎಂದ. ದೇವರಿಗೂ ತಲೆ ಕೆಟ್ಟಿರಬೇಕು. ಅವನ ತಲೆಯೊಳಗಿನ ಗಡಿಯಾರ ಮಾತ್ರ ನಿಲ್ಲಲಿಲ್ಲ. ಹೊರಟಿದ್ದರೆ ಈಗ ಇಷ್ಟು ಮೇಲೆ, ಈಗ ಬೆಟ್ಟದ ನೆತ್ತಿಯಲ್ಲಿ, ಈಗ ಇಳಿಜಾರಿನಲ್ಲಿ. ಹನ್ನೊಂದೂ ಇಪ್ಪತ್ತಾಯಿತು. ಫೋನು ಬರಲಿಲ್ಲ. ಲೇಹ್ ಮುಟ್ಟಿದ್ದರೆ ಮಾಡುತ್ತಿದ್ದ. ಮುಟ್ಟಿಲ್ಲ ಎಂದರೆ ಹೊರಟಿಲ್ಲವೋ, ಅಥವಾ ಹೊರಟು ಮುಟ್ಟಿಲ್ಲವೋ. ಹನ್ನೊಂದೂವರೆಯಾದಾಗ ಜವರಣ್ಣ ನೆಲದ ಮೇಲೇ ಕೂತುಬಿಟ್ಟ. ಹನುಮಕ್ಕ ನೀರು ತಂದು ಕೊಟ್ಟಳು.

ಹನ್ನೆರಡು ಹೊಡೆಯಿತು. ಗಂಗಾಧರಪ್ಪ ಮಾತಿಗೆ ತಪ್ಪಲಿಲ್ಲ. "ಹನುಮಿ, ಹುಡುಗೀನ ಕರ್ಕೊಂಡು ಬಾ. ನಾಲ್ಕು ಜನರ ಮುಂದೆ ಮಾತು ಆಗ್ಲಿ. ಏ ಲಕ್ಷ್ಮೀಶ, ಆ ಫೋನು ಮಡಗಿ ಬಾರ್ಲಾ ಇಲ್ಲಿ."

ಹನುಮಕ್ಕ ಗಂಡನ ಮುಖ ನೋಡಿದಳು. ಜವರಣ್ಣ ಏನಾದರೂ ಹ್ಞೂಂ ಎಂದನೇ, ಊಹೂಂ ಎಂದನೇ, ಅದು ಅವನಿಗೇ ನೆನಪಿಲ್ಲ. ಅವನ ಕಣ್ಣು ಫೋನಿನ ಮೇಲಿತ್ತು. ಹನುಮಕ್ಕ ಹಿತ್ತಲಿಗೆ ಹೋದಳು. ನಂದಿತಾ ಒಳಬಾಗಿಲ ಹತ್ತಿರ ಬಂದು ನಿಂತಳು. ಮುಖ, ಕೈ, ಪಾದವೆಲ್ಲ ಅರಿಶಿನ, ಬೆಳಗಿನಿಂದ ಒಣಗಿ ಬಿರುಕು ಬಿಟ್ಟಿತ್ತು. ಚಪ್ಪರದ ಮಾತೆಲ್ಲ ಅವಳಿಗೆ ಹಿತ್ತಲಿನವರೆಗೂ ಕೇಳಿಸಿತ್ತು. ಕಣ್ಣು ಊದಿದ್ದವು, ಆದರೆ ಅಳುತ್ತಿರಲಿಲ್ಲ.

ಆಗ ಫೋನು ಬಡಿದುಕೊಂಡಿತು.

ಜವರಣ್ಣನ ಬೆರಳು ಎಲ್ಲೆಲ್ಲೋ ಒತ್ತಿ ಸ್ಪೀಕರು ತಾನೇ ಹತ್ತಿಕೊಂಡಿತು. "ಬೀರೇಶಾ? ಎಲ್ಲಿದ್ದೀಯೋ? ಎಲ್ಲಿದ್ದೀಯಪ್ಪ?"

"ಅಲ್ಲೇ ಇದೀನಿ ಮಾವ." ದನಿ ಒಡೆದಿತ್ತು. "ಅದೇ ಹಳ್ಳೀಲಿ."

ಜಗಲಿಯ ಮೇಲಿಂದ ಶಿವಗಂಗಮ್ಮನ ಬಾಯಿಂದ ಒಂದು ಸದ್ದು ಹೊರಟಿತು, ಮಾತಲ್ಲ. ಜವರಣ್ಣ ಫೋನನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದ. ಬೀರೇಶ್ ಮಾತು ಮುಂದುವರಿಸಿದ.

"ನೀವು ಬರಬೇಕು ಅಂದ್ರಿ. ನಂಗೆ ಕೇಳಿಸ್ತು. ಆದ್ರೂ ಬರಲಿಲ್ಲ ಮಾವ. ಗಾಡಿ ಬಾಗಿಲಿಗೆ ಕೈ ಹಾಕ್ದೆ. ಕಾಲು ಏಳ್ಲಿಲ್ಲ. ಹೆದರ್ಕೊಂಡ್ಬಿಟ್ಟೆ." ಅವನು ಅಳುತ್ತಿದ್ದ, ಬಚ್ಚಿಡುತ್ತಲೂ ಇರಲಿಲ್ಲ. "ನಾನು ಹತ್ಬೇಕಿದ್ದ ಗಾಡಿ ಅರ್ಧ ದಾರಿಯಿಂದ ವಾಪಸ್ ಬಂತು. ಬೆಳಿಗ್ಗೆ ಆರಕ್ಕೆ ಒಂದು ಹೋಗಿತ್ತಲ್ಲ, ಅದು ಇನ್ನೂ ಸಿಕ್ಕಿಲ್ಲ. ಇಷ್ಟೊತ್ತೂ ಲೈನು ಸಿಗ್ಲಿಲ್ಲ. ಸಿಕ್ಕಿದ್ರೂ ಏನಂತ ಹೇಳ್ಲಿ? ನಾಳೆ ನಾನು ಬರಕ್ಕಾಗಲ್ಲ. ನಿಮ್ಮ ಮರ್ಯಾದೆ ಕಳೆದೆ. ನಂದಿತಾಗೆ ಯಾರನ್ನಾದ್ರೂ ಒಳ್ಳೇವರನ್ನ ನೋಡಿ ಮಾವ. ನಾನು ಏನೂ ಅನ್ಕೊಳಲ್ಲ."

"ಕೇಳಿದ್ರಲ್ಲ" ಎಂದ ಗಂಗಾಧರಪ್ಪ, ಚಪ್ಪರಕ್ಕೆಲ್ಲ ಕೇಳುವಂತೆ. "ಸಿಪಾಯಿಯಂತೆ, ಹೆದರ್ಕೊಂಡನಂತೆ. ಅವನೇ ಬಿಟ್ಟುಕೊಟ್ಟ. ಮುಗೀತು."

"ಬ್ಯಾಡ ಅಂದಿದ್ದು ಕಣೋ ನಾನು!" ಎಂದು ಜವರಣ್ಣ ಚೀರಿದ. ಅವನ ಗಂಟಲು ಎಂದೂ ಹಾಗೆ ಹರಿದಿರಲಿಲ್ಲ. "ಬರಬ್ಯಾಡ ಅಂದಿದ್ದು ಕಣಪ್ಪ! ಬರಬ್ಯಾಡ! ಹೆದರ್ಕೊಂಡ್ಯಾ? ಹೆದರ್ಕೊಂಡಿದ್ದೇ ಒಳ್ಳೇದಾಯ್ತು. ನಿನ್ನ ಕಾಲಿಗೆ ಬೀಳ್ತೀನಿ, ಅಲ್ಲೇ ಇರು!" ಅಷ್ಟು ಹೇಳಿ ಫೋನನ್ನು ಎದೆಗೊತ್ತಿಕೊಂಡು ಮಗುವಿನಂತೆ ಅತ್ತುಬಿಟ್ಟ. ಅವನ ಕಣ್ಣಮುಂದೆ ನಾಳೆ ಖಾಲಿ ಬೀಳುವ ಮಂಟಪ ಇತ್ತು, ತಿರುಗಿ ಹೋಗುವ ಜನ ಇದ್ದರು, ಅವರ ನಡುವೆ ಅರಿಶಿನದ ಮೈಯ ಮಗಳು ಇದ್ದಳು. ಹುಡುಗ ಬದುಕಿದ, ಮಗಳ ಮದುವೆ ಸತ್ತಿತು ಎಂದೇ ಅವನು ತಿಳಿದ.

ಯಾರೋ ಅವನ ಎದೆಯಿಂದ ಫೋನು ಬಿಡಿಸಿಕೊಂಡರು. ನೋಡಿದರೆ ನಂದಿತಾ. ಅಷ್ಟು ಗಂಡಸರ ನಡುವೆ ನಡೆದು ಬಂದಿದ್ದಳು. ಗಂಗಾಧರಪ್ಪ, "ಹುಡುಗಿ, ದೊಡ್ಡೋರು ಮಾತಾಡ್ತಾ..." ಎಂದು ಶುರುಮಾಡಿದ. ಅವಳು ಅವನ ಕಡೆ ತಿರುಗಲೂ ಇಲ್ಲ.

"ರೀ" ಎಂದಳು ಫೋನಿಗೆ. ಒಂದು ವರ್ಷ ಅವನೊಂದಿಗೆ ಮಾತಾಡಿದ್ದರೂ ಆ ಹೊತ್ತಿನವರೆಗೆ ಅವಳು ಹಾಗೆ ಕರೆದಿರಲಿಲ್ಲ. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

"ಇಲ್ಲ" ಎಂದ ಬೀರೇಶ್.

"ಮೊದಲು ತಿನ್ನಿ. ಬಿಸಿಯಾಗಿರೋದೇನಾದ್ರೂ ತಿನ್ನಿ. ನಾನು ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ. ದಾರಿ ಬಿಟ್ಟ ಮೇಲೆ ಬನ್ನಿ."

ಜಗಲಿಯ ಮೇಲೆ ಶಿವಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲಕ್ಷ್ಮೀಶ ಕೊರಳಿಗೆ ಹಾಕಿಕೊಂಡಿದ್ದ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, ಅಪ್ಪನ ಕಡೆ ನೋಡದೆ ಆಟೋ ನಿಲ್ಲಿಸಿದ್ದ ಕಡೆ ನಡೆದ. ಗಂಗಾಧರಪ್ಪ ಮಾತ್ರ ಕಿವಿಗೊಟ್ಟು ಮುಂದಕ್ಕೆ ಬಾಗಿ ನಿಂತಿದ್ದ. ಜವರಣ್ಣ ನೆಲಕ್ಕೆ ಕೈಯೂರಿ ಎದ್ದು, ಮಗಳ ಕೈಯಲ್ಲಿದ್ದ ಫೋನಿನ ಸ್ಪೀಕರನ್ನು ಒತ್ತಿ ಆರಿಸಿದ.

"ಯಾಕ್ಲಾ ಆರಿಸ್ದೆ?" ಎಂದ ಗಂಗಾಧರಪ್ಪ.

"ಗಂಡ ಹೆಂಡ್ತಿ ಮಾತಾಡ್ತಾವ್ರೆ ಭಾವ" ಎಂದ ಜವರಣ್ಣ. "ನಮಗ್ಯಾಕೆ ಅದು."